ಡಯಾಲಿಸಿಸ್‌ನಲ್ಲಿರುವ ನೌಕರರಿಗೆ ಅಶಕ್ತತಾ ಪಿಂಚಣಿ: ಒಂದು ಪ್ರಕರಣ ಅಧ್ಯಯನ

ಕೇಂದ್ರ ಸರ್ಕಾರದ ಕಚೇರಿಯೊಂದರ ದಾಸ್ತಾನು ವಿಭಾಗದಲ್ಲಿ ಅಪ್ಪರ್ ಡಿವಿಷನ್ ಕ್ಲರ್ಕ್ ಆಗಿರುವ ಮಹಿಳೆ. ವಯಸ್ಸು 45. ಸೇವೆಗೆ ಸೇರಿದ್ದು 2008ರ ಆಗಸ್ಟ್ 1ರಂದು, ಹಾಗಾಗಿ ಎನ್‌ಪಿಎಸ್, ಅಂದರೆ ನೌಕರರೂ ಸರ್ಕಾರವೂ ವಂತಿಗೆ ಕಟ್ಟುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ವ್ಯಾಪ್ತಿಯವರು. ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ತಿಂದುಹಾಕಿದೆ. 2023ರ ಮಧ್ಯದಿಂದ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್. ಹೃದಯವೂ ದುರ್ಬಲವಾಗಿದೆ. ಇವರನ್ನು ಉದಾಹರಣೆಗಾಗಿ ನಾವೇ ಕಟ್ಟಿಕೊಂಡಿದ್ದೇವೆ, ಯಾವ ಒಬ್ಬ ವ್ಯಕ್ತಿಯ ಕಡತವೂ ಇದಲ್ಲ. ನಿಯಮಗಳು ಮಾತ್ರ 2025ರ ಮಾರ್ಚ್‌ನಲ್ಲಿ ಜಾರಿಯಲ್ಲಿದ್ದವು, ಲೆಕ್ಕವನ್ನೂ ಅವುಗಳ ಪ್ರಕಾರವೇ ಮಾಡಿದೆ.

ಇಂಥ ಸ್ಥಿತಿಯಲ್ಲಿ ಮನೆಯವರೆಲ್ಲ ಕೂತು ಮೊದಲು ಬರೆಯುವುದು ರಾಜೀನಾಮೆ ಪತ್ರ. "ಅನಾರೋಗ್ಯದ ಕಾರಣ ಸೇವೆಯಲ್ಲಿ ಮುಂದುವರಿಯಲು ಸಾಧ್ಯವಿಲ್ಲ, ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ" ಎಂಬ ಎರಡು ಸಾಲು. ಆ ಎರಡು ಸಾಲು ಹದಿನಾರು ವರ್ಷದ ಸೇವೆಯನ್ನು ಅಳಿಸಿಹಾಕುತ್ತದೆ. ರಾಜೀನಾಮೆ ಅಂಗೀಕಾರವಾದರೆ ಹಿಂದಿನ ಸೇವೆ ಮುಟ್ಟುಗೋಲಾಗುತ್ತದೆ. ಗ್ರಾಚ್ಯುಟಿ ಹೋಗುತ್ತದೆ, ಅಶಕ್ತತಾ ಪಿಂಚಣಿಯ ಮಾತೇ ಇರುವುದಿಲ್ಲ. ಕಾರಣ ಅನಾರೋಗ್ಯವೆಂದು ಪತ್ರದಲ್ಲಿ ಬರೆದಿದ್ದರೂ ಅದು ರಾಜೀನಾಮೆಯೇ. ಸ್ವಯಂ ನಿವೃತ್ತಿಯ ದಾರಿಯೂ ಇವರಿಗಿಲ್ಲ, ಅದಕ್ಕೆ 20 ವರ್ಷದ ಅರ್ಹತಾದಾಯಕ ಸೇವೆ, ಅಂದರೆ ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ, ಬೇಕು. ಉಳಿಯುವುದು 2021ರ ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳ 39ನೇ ನಿಯಮ. ಹಳೆಯ 1972ರ ನಿಯಮಗಳಲ್ಲಿ ಇದರ ಸಂಖ್ಯೆ 38 ಆಗಿತ್ತು, ಕಚೇರಿಗಳಲ್ಲಿ ಇವತ್ತಿಗೂ ಬಾಯಿಗೆ ಬರುವುದು ಅದೇ. ಕಚೇರಿ ಭಾಷೆಯಲ್ಲಿ ಇನ್‌ವ್ಯಾಲಿಡ್ ಪೆನ್ಷನ್, ಕನ್ನಡದಲ್ಲಿ ಅಶಕ್ತತಾ ಪಿಂಚಣಿ. ಇದನ್ನು ಅಂಗವೈಕಲ್ಯ ಪಿಂಚಣಿಯೊಂದಿಗೆ ಬೆರೆಸಬಾರದು. ಅಂಗವೈಕಲ್ಯ ಪಿಂಚಣಿ ಸಿಗುವುದು ಕಾಯಿಲೆ ಅಥವಾ ಗಾಯಕ್ಕೆ ಸರ್ಕಾರಿ ಕೆಲಸವೇ ಕಾರಣವಾದಾಗ. ಅಶಕ್ತತಾ ಪಿಂಚಣಿಗೆ ಕಾಯಿಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಇಲ್ಲ, ಇನ್ನು ಮುಂದೆ ಕೆಲಸ ಮಾಡಲು ಆಗುತ್ತದೆಯೇ ಎಂಬುದೊಂದೇ ಪ್ರಶ್ನೆ.

ಹೊರಡಬೇಕೇ ಎಂಬುದು ಮೊದಲು

ಅರ್ಜಿ ಬರೆಯುವ ಮುಂಚೆ ತೀರ್ಮಾನವಾಗಬೇಕಾದ ಒಂದು ಸಂಗತಿ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಸಿಗದಿದ್ದರೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ, ಅಂದರೆ ಅವರಿಗಾಗಿಯೇ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆಯಲ್ಲಿ, ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿ ವಯಸ್ಸಿನವರೆಗೆ ಇರಿಸಿಕೊಳ್ಳಬಹುದು. 45ರಲ್ಲಿ ಅರ್ಧ ಸಂಬಳದ ಪಿಂಚಣಿಗೂ 60ರವರೆಗೆ ಪೂರ್ತಿ ಸಂಬಳಕ್ಕೂ ಎಷ್ಟು ಅಂತರವಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಳೆಯ 1995ರ ಕಾಯ್ದೆಯಲ್ಲಿ ಇದೇ ರಕ್ಷಣೆ 47ನೇ ಕಲಂನಲ್ಲಿತ್ತು. 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ, ಅಶಕ್ತತಾ ಪಿಂಚಣಿ ಕೊಟ್ಟಾಯಿತು ಎಂಬ ಕಾರಣಕ್ಕೆ ಆ ರಕ್ಷಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2008ರ ಭಗವಾನ್ ದಾಸ್ ಪ್ರಕರಣದಲ್ಲಿ, ಕಣ್ಣು ಕಳೆದುಕೊಂಡ ನೌಕರ ತನ್ನ ಹಕ್ಕು ಗೊತ್ತಿಲ್ಲದೆ ತಾನೇ ನಿವೃತ್ತಿ ಕೇಳಿದ್ದರೂ ಅದನ್ನು ಅವನ ವಿರುದ್ಧ ಬಳಸಲು ಬಿಡಲಿಲ್ಲ.

ಆದರೆ ಈ ಬಾಗಿಲು ಎಲ್ಲ ದೀರ್ಘಕಾಲದ ಕಾಯಿಲೆಗೂ ತೆರೆಯುವುದಿಲ್ಲ. ಕಾಯ್ದೆಯ ಅನುಸೂಚಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್‌ಸನ್, ಮಸ್ಕ್ಯುಲರ್ ಡಿಸ್ಟ್ರೊಫಿ, ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರೋಗ, ಮಾನಸಿಕ ಅಸ್ವಸ್ಥತೆ ಅಲ್ಲಿವೆ. ಮೂತ್ರಪಿಂಡ ವೈಫಲ್ಯದ ಹೆಸರಿಲ್ಲ. 39(1)ನೇ ನಿಯಮದಡಿ ಕಲಂ 20ರ ರಕ್ಷಣೆ ಪಡೆಯಲು ಸಕ್ಷಮ ಪ್ರಾಧಿಕಾರದ ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಬರೀ ಡಯಾಲಿಸಿಸ್ ಕಾಗದ ಹಿಡಿದು ಹೋದರೆ ಅದು ಸಿಗುವುದಿಲ್ಲ.

ಹಾಗೆಂದು ಅಷ್ಟಕ್ಕೇ ಕೈಬಿಡಬಾರದು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕಳೆದುಕೊಂಡವರಲ್ಲಿ ಅದೇ ಕಾಯಿಲೆ ಕಣ್ಣಿನ ಅಕ್ಷಿಪಟಲವನ್ನೂ ಕಾಲಿನ ನರವನ್ನೂ ಮುಟ್ಟಿರುವುದು ಸಾಮಾನ್ಯ. ಮಂದ ದೃಷ್ಟಿ ಅನುಸೂಚಿಯಲ್ಲಿದೆ, ಚಲನ ವೈಕಲ್ಯವೂ ಇದೆ. ಆದ್ದರಿಂದ ಅರ್ಜಿಗೆ ಮೊದಲು ಕಣ್ಣಿನ ಪೂರ್ತಿ ತಪಾಸಣೆ, ದೃಷ್ಟಿ ವ್ಯಾಪ್ತಿಯ ಪರೀಕ್ಷೆಯೂ ಸೇರಿ, ಆಗಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ಪ್ರಕರಣದಲ್ಲಿ ಮಾಡಿಸಲಾಯಿತು. ಕನ್ನಡಕ ಹಾಕಿದರೆ ಚೆನ್ನಾಗಿರುವ ಕಣ್ಣಿನಲ್ಲಿ 6/12 ಬಂತು. ಮಂದ ದೃಷ್ಟಿ ಶುರುವಾಗುವ 6/18ರ ಗೆರೆಯನ್ನು ಮುಟ್ಟಲಿಲ್ಲ. ದೃಷ್ಟಿ ವ್ಯಾಪ್ತಿಯೂ ಸರಿಯಿತ್ತು. ಕಾಲಿನಲ್ಲಿ ಪ್ರಮಾಣಪತ್ರ ಸಿಗುವಂಥ ವೈಕಲ್ಯ ಇರಲಿಲ್ಲ. ಹೀಗೆ 39(1) ಮುಚ್ಚಿದ ಮೇಲೆಯೇ 39(2), ಅಂದರೆ ಅಶಕ್ತತಾ ಪಿಂಚಣಿಯ ದಾರಿ ಹಿಡಿದದ್ದು. ಆ ತಪಾಸಣಾ ವರದಿಗಳನ್ನು ಕಡತಕ್ಕೆ ಹಾಕಿಸುವುದೂ ಮುಖ್ಯ. ಕಲಂ 20 ಅನ್ವಯವಾಗುತ್ತದೆಯೇ ಎಂದು ಕಚೇರಿ ಕೇಳಿದಾಗ ಉತ್ತರ ಸಿದ್ಧವಿರುತ್ತದೆ, ಕಡತ ವಾಪಸ್ ಬರುವುದಿಲ್ಲ.

ರಜೆ ಕರಗಿದ ಬಗೆ

ಗಳಿಕೆ ರಜೆ, ಅರ್ಧ ವೇತನ ರಜೆ, ಅದನ್ನು ಪರಿವರ್ತಿಸಿ ಪಡೆದ ಪೂರ್ಣ ವೇತನದ ರಜೆ, ಎಲ್ಲವೂ 2023ರ ಕೊನೆಗೆ ಮುಗಿದವು. 2024ರ ಜನವರಿಯಿಂದ 180 ದಿನ ಗಳಿಸದ ರಜೆ, ಅಂದರೆ ಮುಂದೆ ಗಳಿಸಲಿರುವ ಅರ್ಧ ವೇತನ ರಜೆಯನ್ನು ಮುಂಗಡವಾಗಿ, ತೆಗೆದುಕೊಂಡರು. ಇಡೀ ಸೇವೆಯಲ್ಲಿ ಇದು 360 ದಿನದವರೆಗೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಸಿಗುತ್ತದೆ, ಅರ್ಧ ವೇತನದ ಲೆಕ್ಕದಲ್ಲಿ. ಇದನ್ನು ಮಂಜೂರು ಮಾಡಬೇಕಾದರೆ ನೌಕರರು ಕೆಲಸಕ್ಕೆ ಮರಳುವ ಸಂಭವ ಇದೆ ಎಂದು ಅಧಿಕಾರಿಗೆ ಅನಿಸಬೇಕು. ಆದ್ದರಿಂದ ಇದನ್ನು ಕೇಳುವ ಕಾಲ ಮೂತ್ರಪಿಂಡ ಕಸಿಯ ಪ್ರಯತ್ನ ನಡೆಯುತ್ತಿರುವಾಗ. ಶಾಶ್ವತ ಅಶಕ್ತತೆಯ ಅರ್ಜಿ ಕೊಟ್ಟ ಮೇಲೆ ಕೇಳಿದರೆ ಎರಡು ಕಾಗದ ಒಂದಕ್ಕೊಂದು ಜಗಳವಾಡುತ್ತವೆ. ಇನ್ನೊಂದು ವಿಷಯ: ಈ ರಜೆ ಬಳಸಿದ ಮೇಲೆ, ಅದನ್ನು ಗಳಿಸಿ ತೀರಿಸುವ ಮೊದಲೇ ರಾಜೀನಾಮೆ ಕೊಟ್ಟರೆ ರಜಾ ವೇತನ ವಾಪಸ್ ಕಟ್ಟಬೇಕು, ಇವರ ಮಟ್ಟಿಗೆ ಒಂದೂವರೆ ಲಕ್ಷದ ಆಸುಪಾಸು. ಅನಾರೋಗ್ಯದಿಂದ ಅಶಕ್ತರಾಗಿ ನಿವೃತ್ತರಾದರೆ ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ.

ಜುಲೈನಿಂದ ನವೆಂಬರ್‌ವರೆಗೆ ಐದು ತಿಂಗಳು ವೇತನವಿಲ್ಲದ ಅಸಾಧಾರಣ ರಜೆ. ಡಿಸೆಂಬರ್‌ನಲ್ಲಿ ಕೆಲಸಕ್ಕೆ ಮರಳಿದರು. ದಾಸ್ತಾನು ಎಣಿಸಲು ಗೋದಾಮು ಹತ್ತಿಳಿಯುವ ಕೆಲಸ ಆಗದು ಎಂದು ಟಪಾಲು ವಿಭಾಗದ ಮೇಜಿನ ಕೆಲಸ ಕೊಡಲಾಯಿತು. ಡಯಾಲಿಸಿಸ್ ದಿನಗಳಲ್ಲಿ ಬರಲಾಗಲಿಲ್ಲ, ಮರುದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕುಸಿದರು. ವಿಭಾಗಾಧಿಕಾರಿ ಹಾಜರಾತಿ ಮತ್ತು ಕೆಲಸದ ಟಿಪ್ಪಣಿಯನ್ನು ಬರಹದಲ್ಲಿ ಕೊಟ್ಟರು. ಆ ಮರಳುವಿಕೆ ದೇಹಕ್ಕೆ ಕಷ್ಟವಾದರೂ ಕಡತಕ್ಕೆ ಎರಡು ಲಾಭ ತಂದಿತು. ಜುಲೈ 1ರ ವಾರ್ಷಿಕ ವೇತನ ಬಡ್ತಿ ರಜೆಯಲ್ಲಿದ್ದಾಗ ಕೈಗೆ ಬಂದಿರಲಿಲ್ಲ, ಕರ್ತವ್ಯಕ್ಕೆ ಹಾಜರಾದ ದಿನದಿಂದ ಬಂತು. ಮೂಲ ವೇತನ 34,300ರಿಂದ 35,300 ರೂಪಾಯಿ ಆಯಿತು. ಪಿಂಚಣಿ ನಿಂತಿರುವುದು ಈ ಅಂಕಿಯ ಮೇಲೆ. ಎರಡನೆಯದು, ಹಗುರ ಕೆಲಸವನ್ನೂ ಪ್ರಯತ್ನಿಸಿ ನೋಡಲಾಗಿದೆ ಎಂಬ ಸಾಕ್ಷಿ.

ಪ್ರಮಾಣಪತ್ರ: ಮೂರನೆಯದಷ್ಟೇ ನಡೆಯಿತು

ಅಶಕ್ತತಾ ಪಿಂಚಣಿಯ ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವ ಜಾಗ ಇದು. ಮೊದಲು ಇವರು ಚಿಕಿತ್ಸೆ ಪಡೆಯುತ್ತಿದ್ದ ಖಾಸಗಿ ಆಸ್ಪತ್ರೆಯ ಮೂತ್ರಪಿಂಡ ತಜ್ಞರಿಂದ ಪತ್ರ ತಂದರು. ಅದು ಒಳ್ಳೆಯ ವೈದ್ಯಕೀಯ ದಾಖಲೆ, ಆದರೆ ನಿಯಮದ ಕಣ್ಣಿಗೆ ಪ್ರಮಾಣಪತ್ರವಲ್ಲ. ಗೆಜೆಟೆಡ್ ನೌಕರರಿಗೆ ಮತ್ತು ನಿಗದಿತ ಮಿತಿಗಿಂತ ಹೆಚ್ಚು ವೇತನದ ಇತರರಿಗೆ ವೈದ್ಯಕೀಯ ಮಂಡಳಿ, ಉಳಿದವರಿಗೆ ಜಿಲ್ಲಾ ಶಸ್ತ್ರಚಿಕಿತ್ಸಕರು ಅಥವಾ ಸಮಾನ ದರ್ಜೆಯ ವೈದ್ಯಾಧಿಕಾರಿ ಕೊಡಬೇಕು. ಅದೂ ನೇರವಾಗಿ ಹೋಗಿ ಕೇಳಿದರೆ ಆಗದು. ಈ ನೌಕರರು ತಪಾಸಣೆಗೆ ಬರುತ್ತಿರುವುದು ತಮಗೆ ಗೊತ್ತಿದೆ ಎಂಬ ಕಚೇರಿ ಮುಖ್ಯಸ್ಥರ ಪತ್ರ, ಜೊತೆಗೆ ಸೇವಾ ಪುಸ್ತಕದಲ್ಲಿರುವ ವಯಸ್ಸಿನ ವಿವರ ವೈದ್ಯರ ಮುಂದಿರಬೇಕು.

ಜನವರಿಯಲ್ಲಿ ಪತ್ರದೊಂದಿಗೆ ಹೋದಾಗ ಎರಡನೆಯ ಕಾಗದ ಬಂತು. "ಐದನೇ ಹಂತದ ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ, ಡಯಾಲಿಸಿಸ್ ನಡೆಯುತ್ತಿದೆ, ವಿಶ್ರಾಂತಿ ಅಗತ್ಯ" ಎಂಬ ಒಕ್ಕಣೆ. ಒಂದಕ್ಷರ ಸುಳ್ಳಿಲ್ಲ, ಆದರೂ ಪಿಂಚಣಿಗೆ ಉಪಯೋಗವಿಲ್ಲ. ಏಕೆಂದರೆ ನಿಯಮ ಕೇಳುವುದು ಕಾಯಿಲೆಯ ಹೆಸರನ್ನಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಕೆಲಸ ಮಾಡುವವರು ಇದ್ದಾರೆ. ಈ ವ್ಯಕ್ತಿ ಈ ಕಾಯಿಲೆಯ ಪರಿಣಾಮವಾಗಿ ಮುಂದಿನ ಯಾವುದೇ ಬಗೆಯ ಸೇವೆಗೆ, ಅಥವಾ ತಾನಿರುವ ಇಲಾಖೆಯ ಸೇವೆಗೆ, ಪೂರ್ಣವಾಗಿ ಮತ್ತು ಶಾಶ್ವತವಾಗಿ ಅಶಕ್ತರು ಎಂದು ಪ್ರಮಾಣಪತ್ರ ಹೇಳಬೇಕು. ಪೂರ್ಣ, ಶಾಶ್ವತ, ಸೇವೆ ಎಂಬ ಮೂರು ಪದಗಳಲ್ಲಿ ಒಂದು ತಪ್ಪಿದರೂ ಲೆಕ್ಕಪತ್ರ ಕಚೇರಿ ಕಡತವನ್ನು ಹಿಂದಕ್ಕೆ ಕಳಿಸುತ್ತದೆ.

ಪ್ರಮಾಣಪತ್ರದ ನಮೂನೆಯಲ್ಲೇ ಇನ್ನೆರಡು ದಾರಿಗಳಿವೆ. ಒಂದು, ಹಿಂದಿನದಕ್ಕಿಂತ ಕಡಿಮೆ ಶ್ರಮದ ಕೆಲಸಕ್ಕೆ ಯೋಗ್ಯರು ಎನ್ನುವುದು. ಹಾಗೆ ಬಂದರೆ ನೌಕರರು ಒಪ್ಪಿದಲ್ಲಿ ಹಗುರ ಕೆಲಸ ಕೊಡಬೇಕು, ಕೆಳಗಿನ ಹುದ್ದೆಯಲ್ಲೂ ಕೊಡಲು ಸಾಧ್ಯವಿಲ್ಲದಿದ್ದರೆ ಮಾತ್ರ ಪಿಂಚಣಿ. ಇನ್ನೊಂದು, ಇಂತಿಷ್ಟು ತಿಂಗಳ ವಿಶ್ರಾಂತಿಯ ನಂತರ ಯೋಗ್ಯರಾಗಬಹುದು ಎನ್ನುವುದು. ಮೂತ್ರಪಿಂಡದ ರೋಗಿಗಳಿಗೆ ಈ ಎರಡನೆಯದು ನಿಜವಾದ ಅಡ್ಡಿ: ಕಸಿ ಆದರೆ ಚೇತರಿಸಿಕೊಳ್ಳುತ್ತಾರಲ್ಲ ಎಂದು ವೈದ್ಯರು ಯೋಚಿಸುವುದು ಸಹಜ. ಆದ್ದರಿಂದ ಕಸಿಯ ಸ್ಥಿತಿಗತಿ ಬರಹದಲ್ಲಿ ಸ್ಪಷ್ಟವಾಗಿರಬೇಕು. ಇಲ್ಲಿ ಹೃದಯದ ದೌರ್ಬಲ್ಯದಿಂದಾಗಿ ಕಸಿ ಶಸ್ತ್ರಚಿಕಿತ್ಸೆಗೆ ಯೋಗ್ಯರಲ್ಲ ಎಂದು ಹೃದ್ರೋಗ ತಜ್ಞರು ಮತ್ತು ಮೂತ್ರಪಿಂಡ ತಜ್ಞರು ಇಬ್ಬರೂ ಬರೆದುಕೊಟ್ಟರು.

ಫೆಬ್ರವರಿಯಲ್ಲಿ ಕಚೇರಿ ಮತ್ತೆ ಕಳಿಸಿತು. ಈ ಸಲ ಪತ್ರಕ್ಕೆ ಲಗತ್ತಿಸಿದ್ದು: ಇವರ ಹುದ್ದೆಯ ಕರ್ತವ್ಯಗಳ ಒಂದು ಪುಟದ ಪಟ್ಟಿ, ಟಪಾಲು ವಿಭಾಗದ ಹಾಜರಾತಿ ಟಿಪ್ಪಣಿ, ಹದಿನೆಂಟು ತಿಂಗಳ ಡಯಾಲಿಸಿಸ್ ದಾಖಲೆ, ಮೂತ್ರಪಿಂಡದ ಶೋಧನಾ ದರ 15ಕ್ಕಿಂತ ಕೆಳಗಿರುವ ರಕ್ತ ಪರೀಕ್ಷೆಗಳು, ಹೃದಯದ ಎಕೋ ಸ್ಕ್ಯಾನ್ ವರದಿ, ಕಸಿ ಆಗದೆಂಬ ಅಭಿಪ್ರಾಯ. ಕರ್ತವ್ಯಗಳ ಪಟ್ಟಿಯನ್ನು ಯಾವ ನಿಯಮವೂ ಕೇಳುವುದಿಲ್ಲ, ಆದರೂ ನಮ್ಮ ಮಟ್ಟಿಗೆ ಲಗತ್ತುಗಳಲ್ಲಿ ಅದಕ್ಕೇ ಹೆಚ್ಚು ಬೆಲೆ. ಈ ಹುದ್ದೆಯವರು ದಿನಕ್ಕೆ ಏನೇನು ಮಾಡುತ್ತಾರೆಂದು ವೈದ್ಯರಿಗೆ ತಿಳಿಯದಿದ್ದರೆ ಅವರು ಕಾಯಿಲೆಯ ಬಗ್ಗೆ ಬರೆದಾರೇ ಹೊರತು ಕೆಲಸದ ಬಗ್ಗೆ ಬರೆಯಲಾರರು. ಮೂರನೆಯ ಕಾಗದದಲ್ಲಿ ಬೇಕಾದ ಒಕ್ಕಣೆ ಬಂತು.

ಆಯ್ಕೆಯ ನಮೂನೆ

ಎನ್‌ಪಿಎಸ್‌ನಲ್ಲಿದ್ದರೆ ಪಿಂಚಣಿ ಎಲ್ಲಿಂದ ಎಂದು ಅನೇಕರು ಕೇಳುತ್ತಾರೆ. 2021ರ ಮಾರ್ಚ್‌ನಲ್ಲಿ ಬಂದ ಎನ್‌ಪಿಎಸ್ ಅನುಷ್ಠಾನ ನಿಯಮಗಳ 10ನೇ ನಿಯಮ ಇದಕ್ಕೆ ಉತ್ತರ. ಸೇವೆಯಲ್ಲಿದ್ದಾಗ ಸಾವು ಬಂದರೆ ಅಥವಾ ಅಶಕ್ತರಾಗಿ ನಿವೃತ್ತರಾದರೆ ಹಳೆಯ ಪಿಂಚಣಿ ನಿಯಮಗಳ ಸೌಲಭ್ಯ ಬೇಕೋ ಎನ್‌ಪಿಎಸ್ ನಿಧಿ ಬೇಕೋ ಎಂದು ನೌಕರರು ನಮೂನೆ 1ರಲ್ಲಿ ಮೊದಲೇ ಆರಿಸಿಡಬೇಕು. ಆರಿಸದಿದ್ದವರಿಗೆ ಸೇವೆಯ ಮೊದಲ 15 ವರ್ಷ ಹಳೆಯ ಪಿಂಚಣಿ ತಾನಾಗಿ ಅನ್ವಯ, 15 ದಾಟಿದ ಮೇಲೆ ಎನ್‌ಪಿಎಸ್. 15 ದಾಟಿದವರಿಗೂ ಕೊಟ್ಟಿದ್ದ ಮೂರು ವರ್ಷದ ವಿನಾಯಿತಿ 2024ರ ಮಾರ್ಚ್‌ಗೆ ಮುಗಿದಿದೆ.

ಇವರ ಸೇವಾ ಪುಸ್ತಕದಲ್ಲಿ ನಮೂನೆ 1 ಇರಲೇ ಇಲ್ಲ, ಸೇವೆ 16 ವರ್ಷ ದಾಟಿತ್ತು. ಸುಮ್ಮನಿದ್ದಿದ್ದರೆ ಎನ್‌ಪಿಎಸ್‌ಗೆ ಬೀಳುತ್ತಿದ್ದರು. ಅಶಕ್ತತೆಯ ಮೇಲೆ ನಿವೃತ್ತರಾಗುವವರಿಗೆ ನಿವೃತ್ತಿಯ ಹೊತ್ತಿನಲ್ಲಿ ಹೊಸದಾಗಿ ಆಯ್ಕೆ ಕೊಡಲು ಅವಕಾಶವಿರುವುದು ಕೈಹಿಡಿಯಿತು. ಆದರೆ ಆ ಗಳಿಗೆಗೆ ಕಾಯುವುದು ಅಪಾಯ. ಈ ನಡುವೆ ಸಾವು ಸಂಭವಿಸಿದ್ದರೆ ಅವರ ಪರವಾಗಿ ಕುಟುಂಬ ಆಯ್ಕೆ ಮಾಡುವಂತಿಲ್ಲ. ದೀರ್ಘಕಾಲದ ಕಾಯಿಲೆ ಪತ್ತೆಯಾದ ದಿನವೇ ನಮೂನೆ ತುಂಬಿ, ಸ್ವೀಕೃತಿ ಪಡೆದು, ಸೇವಾ ಪುಸ್ತಕಕ್ಕೆ ಅಂಟಿಸಿದ್ದಾರೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಎರಡರ ನಡುವಿನ ಅಂತರ ಹೀಗಿದೆ. ನಿಧಿಯಲ್ಲಿ 20 ಲಕ್ಷ ಇದೆ, ಅದರಲ್ಲಿ 9 ಲಕ್ಷ ನೌಕರರ ವಂತಿಗೆ ಮತ್ತು ಅದರ ಬೆಳವಣಿಗೆ ಎಂದಿಟ್ಟುಕೊಳ್ಳೋಣ. ಎನ್‌ಪಿಎಸ್ ಆರಿಸಿದರೆ ಶೇ 60, ಅಂದರೆ 12 ಲಕ್ಷ ಕೈಗೆ. ಉಳಿದ 8 ಲಕ್ಷಕ್ಕೆ ವರ್ಷಾಶನ (ಆನ್ಯುಯಿಟಿ, ವಿಮಾ ಕಂಪನಿ ನಿಯತವಾಗಿ ಕೊಡುವ ಹಣ) ಕೊಳ್ಳಬೇಕು. ಶೇ 6.5 ಸಿಕ್ಕಿತೆಂದರೂ ತಿಂಗಳಿಗೆ 4,333 ರೂಪಾಯಿ, ತುಟ್ಟಿ ಪರಿಹಾರ, ಅಂದರೆ ಬೆಲೆ ಏರಿಕೆಗೆ ತಕ್ಕಂತೆ ಪಿಂಚಣಿಗೆ ಸೇರುವ ಮೊತ್ತ, ಇಲ್ಲ. ಹಳೆಯ ನಿಯಮ ಆರಿಸಿದರೆ ಸರ್ಕಾರದ ವಂತಿಗೆಯ 11 ಲಕ್ಷ ಸರ್ಕಾರಕ್ಕೆ ಮರಳುತ್ತದೆ, ತಮ್ಮ 9 ಲಕ್ಷ ಒಟ್ಟಿಗೆ ಸಿಗುತ್ತದೆ, ಜೊತೆಗೆ ಜೀವಮಾನದ ಪಿಂಚಣಿ.

ಲೆಕ್ಕ

ನಿವೃತ್ತಿ 2025ರ ಮಾರ್ಚ್ 31. ಪಿಂಚಣಿ ಮೂಲ ವೇತನದ ಅರ್ಧ, 17,650 ರೂಪಾಯಿ. ಶೇ 55ರ ತುಟ್ಟಿ ಪರಿಹಾರ 9,708. ಒಟ್ಟು 27,358. ಹತ್ತು ವರ್ಷ ತುಂಬದವರಿಗೂ 2019ರ ಜನವರಿಯ ತಿದ್ದುಪಡಿಯಿಂದ ಅಶಕ್ತತಾ ಪಿಂಚಣಿ ಸಿಗುತ್ತದೆ, ಸೇವೆಗೆ ಸೇರುವ ಮೊದಲು ಅಥವಾ ಸೇರಿದ ಮೇಲೆ ವೈದ್ಯಕೀಯವಾಗಿ ಯೋಗ್ಯರೆಂದು ಘೋಷಿತರಾಗಿದ್ದರೆ ಸಾಕು. ಕನಿಷ್ಠ ಪಿಂಚಣಿ 9,000 ರೂಪಾಯಿ.

ಗ್ರಾಚ್ಯುಟಿಗೆ ವೇತನ ಮತ್ತು ತುಟ್ಟಿ ಭತ್ಯೆ ಸೇರಿ 54,715. ಪ್ರತಿ ಆರು ತಿಂಗಳ ಸೇವೆಗೆ ಇದರ ಕಾಲು ಭಾಗ. ಆರು ತಿಂಗಳಿಗೆ ತುಂಬದೆ ಉಳಿದ ಅವಧಿ ಮೂರು ತಿಂಗಳು ಅಥವಾ ಹೆಚ್ಚಿದ್ದರೆ ಪೂರ್ತಿ ಅರ್ಧ ವರ್ಷವೆಂದು ಎಣಿಕೆ. ಒಟ್ಟು ಸೇವೆ 16 ವರ್ಷ 8 ತಿಂಗಳು. ಅದರಲ್ಲಿ ಹಿಂದೊಮ್ಮೆ ತಾಯಿಯ ಆರೈಕೆಗೆ ತೆಗೆದುಕೊಂಡ 7 ತಿಂಗಳ ಅಸಾಧಾರಣ ರಜೆ ವೈದ್ಯಕೀಯ ಪ್ರಮಾಣಪತ್ರದ ಮೇಲಿನದಲ್ಲ, ಅದು ಕಳೆಯುತ್ತದೆ. ಉಳಿದದ್ದು 16 ವರ್ಷ 1 ತಿಂಗಳು, ಅಂದರೆ 32 ಅರ್ಧ ವರ್ಷ. ಗ್ರಾಚ್ಯುಟಿ 4,37,720 ರೂಪಾಯಿ.

2024ರ ಐದು ತಿಂಗಳ ಅಸಾಧಾರಣ ರಜೆ ವೈದ್ಯಕೀಯ ಪ್ರಮಾಣಪತ್ರದ ಮೇಲಿನದು, ಹಾಗಾಗಿ ಸೇವೆಗೆ ಸೇರುತ್ತದೆ. ಆದರೆ ಸೇವಾ ಪುಸ್ತಕದಲ್ಲಿ ವಿಷಯ ನಿರ್ವಾಹಕರು ಬರೀ "ಅಸಾಧಾರಣ ರಜೆ" ಎಂದು ನಮೂದಿಸಿದ್ದರು. ಲೆಕ್ಕಪತ್ರ ಕಚೇರಿ ಅದನ್ನೂ ಕಳೆದು 31 ಅರ್ಧ ವರ್ಷ ಹಿಡಿಯಿತು, 13,679 ರೂಪಾಯಿ ಕಡಿಮೆಯಾಯಿತು. ಮಂಜೂರಾತಿ ಆದೇಶದ ಪ್ರತಿ ಲಗತ್ತಿಸಿ, ನಮೂದು ತಿದ್ದಿ ಸಹಿ ಹಾಕಿಸಿದ ಮೇಲೆ ಸರಿಯಾಯಿತು. ಇನ್ನೊಂದು ವ್ಯತ್ಯಾಸ ತುಟ್ಟಿ ಭತ್ಯೆಯದು. ಜನವರಿಯಿಂದ ಪೂರ್ವಾನ್ವಯವಾಗುವ ಶೇ 55ಕ್ಕೆ ಒಪ್ಪಿಗೆ ಸಿಕ್ಕಿದ್ದೇ ಮಾರ್ಚ್ ಕೊನೆಯಲ್ಲಿ, ಕಡತದ ಲೆಕ್ಕ ಶೇ 53ರಲ್ಲಿತ್ತು. 5,648 ರೂಪಾಯಿಯ ವ್ಯತ್ಯಾಸ ಪರಿಷ್ಕೃತ ಆದೇಶದಲ್ಲಿ ಬಂತು. ಕೇಳದಿದ್ದರೆ ಇಂಥ ಬಾಕಿ ಎಷ್ಟೋ ಸಲ ಕಡತದಲ್ಲೇ ಉಳಿದುಬಿಡುತ್ತದೆ.

ಪಿಂಚಣಿಯ ಶೇ 40ರವರೆಗೆ ಪರಿವರ್ತಿಸಿ ಒಟ್ಟು ಹಣ ಪಡೆಯಬಹುದು. ವಯೋನಿವೃತ್ತರಿಗೆ ಇದಕ್ಕೆ ತಪಾಸಣೆ ಬೇಡ, ಅಶಕ್ತತಾ ಪಿಂಚಣಿದಾರರಿಗೆ ಕಡ್ಡಾಯ. ಆರೋಗ್ಯ ನೋಡಿ ವೈದ್ಯರು ಲೆಕ್ಕದ ವಯಸ್ಸನ್ನು ಏರಿಸಬಹುದು, ಏರಿದಷ್ಟೂ ಮೊತ್ತ ಇಳಿಯುತ್ತದೆ. ಹಕ್ಕು ಪೂರ್ಣಗೊಳ್ಳುವುದು ವೈದ್ಯರು ವರದಿಗೆ ಸಹಿ ಹಾಕಿದ ದಿನ. ಅದಕ್ಕೆ ಮೊದಲು ಸಾವು ಬಂದರೆ ಏನೂ ಸಿಗದು, ಆದ್ದರಿಂದ ಬೇಕೆಂದರೆ ತಡಮಾಡಬಾರದು. ಪರಿವರ್ತಿಸಿದರೂ ಕುಟುಂಬ ಪಿಂಚಣಿ ಕಡಿಮೆಯಾಗುವುದಿಲ್ಲ. ಇವರ ಪತಿಗೆ ಮೊದಲ ಏಳು ವರ್ಷ 17,650, ಆಮೇಲೆ ಮೂಲ ವೇತನದ ಶೇ 30, ಅಂದರೆ 10,590, ಜೊತೆಗೆ ತುಟ್ಟಿ ಪರಿಹಾರ.

ಮಗನಿಗೆ ಅನುಕಂಪದ ಕೆಲಸ ಸಿಗುತ್ತದೆಂದು ಮನೆಯವರು ನಿವೃತ್ತಿಗೆ ಒತ್ತಾಯಿಸುವುದು ಉಂಟು. 55 ವರ್ಷಕ್ಕೆ ಮೊದಲು ವೈದ್ಯಕೀಯ ಕಾರಣದಿಂದ ನಿವೃತ್ತರಾದರೆ ಅರ್ಜಿ ಹಾಕಬಹುದು, ನಿಜ. ಆದರೆ ಗ್ರೂಪ್ ಸಿ ನೇರ ನೇಮಕಾತಿಯ ಶೇ 5 ಖಾಲಿ ಹುದ್ದೆಗಳೊಳಗೆ, ಕುಟುಂಬದ ಕಷ್ಟವನ್ನು ತೂಗಿ ಕೊಡುವಂಥದ್ದು ಅದು, ಹಕ್ಕಲ್ಲ. ಸಿಗಬಹುದಾದ ಒಂದು ಹುದ್ದೆಗಾಗಿ ಕಲಂ 20ರಡಿ ಉಳಿಯಬಹುದಾದ ಹುದ್ದೆಯನ್ನು ಬಿಡಿಸುವುದು ರೋಗಿಗೆ ಮಾಡುವ ಅನ್ಯಾಯ. ಇಲ್ಲಿ ಆ ಬಾಗಿಲು ಮುಚ್ಚಿದ್ದು ಖಚಿತವಾದ ಮೇಲೆಯೇ ಅರ್ಜಿ ಹಾಕಲಾಯಿತು.

ಉಳಿದದ್ದು ಸಿಜಿಎಚ್‌ಎಸ್, ಅಂದರೆ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಕಾರ್ಡ್. ಡಯಾಲಿಸಿಸ್ ಒಂದು ಸರದಿ ತಪ್ಪಿದರೂ ಜೀವಕ್ಕೆ ಕುತ್ತು, ಸೇವಾ ಕಾರ್ಡ್‌ನ ಅವಧಿ ಮುಗಿದು ಪಿಂಚಣಿದಾರರ ಕಾರ್ಡ್ ಬರುವ ನಡುವೆ ಖಾಲಿ ದಿನ ಇರಬಾರದು. ಇವರಂತೆ ವೇತನ ಹಂತ 4ರ ನೌಕರರಿಗೆ ವಂತಿಗೆ ತಿಂಗಳಿಗೆ 250 ರೂಪಾಯಿ. ಹತ್ತು ವರ್ಷದ 30,000 ಒಮ್ಮೆಲೇ ಕಟ್ಟಿದರೆ ಜೀವಮಾನಕ್ಕೆ ಸಾಕು. ಹಣವನ್ನು ಮಾರ್ಚ್ ಎರಡನೇ ವಾರದಲ್ಲೇ ಕಟ್ಟಿ, ನಿವೃತ್ತಿ ಆದೇಶದ ಪ್ರತಿಯೊಂದಿಗೆ ಅರ್ಜಿ ಕೊಡಲಾಯಿತು. ಏಪ್ರಿಲ್ ಮೊದಲ ವಾರದ ಡಯಾಲಿಸಿಸ್ ಸಿಜಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ, ಕೈಯಿಂದ ಹಣ ಕಟ್ಟದೆ, ಪಿಂಚಣಿದಾರರ ಕಾರ್ಡಿನ ಮೇಲೆ ನಡೆಯಿತು.